ರುಚಿ ನೋಡಿದವರ ಸಹಿ

ವಿಮಾನದಲ್ಲಿ ಪಕ್ಕದ ಸೀಟಿನ ಯಜಮಾನರು ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳ ಬಿಚ್ಚಿದ್ದೇ ತಡ, ಅದರ ವಾಸನೆ ನನ್ನ ಮೂಗಿಗೆ ಬಡಿಯಿತು. ಡಬ್ಬಿಯಲ್ಲಿದ್ದದ್ದು ಪಾಪದ ಒಂದು ಉಪ್ಪಿಟ್ಟು. ಅದಕ್ಕೇನೂ ಆಗಿರಲಿಲ್ಲ. ಆದರೆ ಬಿಸಿ ತಿಂಡಿ ಆ ತೆಳು ತಗಡಿನೊಳಗೆ ಗಂಟೆಗಟ್ಟಲೆ ಬೆವರಿದ ಮೇಲೆ ಒಂದು ವಾಸನೆ ಬರುತ್ತದೆ. ಲೋಹದ್ದೂ ಅಲ್ಲ, ಅನ್ನದ್ದೂ ಅಲ್ಲ. ನಾಲ್ಕು ವರ್ಷ ಆ ವಾಸನೆಯಲ್ಲೇ ಬಾಳಿದವಳು ನಾನು. ಚೆನ್ನೈಗೆ ಇನ್ನೂ ಅರ್ಧ ಗಂಟೆ ಇತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದೆ.

"ಏನಮ್ಮಾ, ಆಗ್ತಿಲ್ವಾ?" ಎಂದು ಅವರು ತಮಿಳಿನಲ್ಲಿ ಕೇಳಿದರು.

"ಏನಿಲ್ಲ ಸಾರ್, ನೀವು ತಿನ್ನಿ" ಎಂದೆ.

ಅವರು ನೆಮ್ಮದಿಯಾಗಿ ತಿಂದರು. ತಿನ್ನುವ ಮೊದಲು ಅದನ್ನು ಯಾರಾದರೂ ಬಾಯಿಗೆ ಹಾಕಿಕೊಂಡು ನೋಡಿದ್ದಾರೋ ಇಲ್ಲವೋ ಅವರಿಗೆ ಹೇಗೆ ಗೊತ್ತಾಗಬೇಕು? ಡಬ್ಬಿಯ ಮೇಲೆ ಅದನ್ನು ಬರೆದಿರುವುದಿಲ್ಲ. ಅದಕ್ಕೆ ಬೇರೆ ಒಂದು ಹಾಳೆ ಇರುತ್ತದೆ. ಎರಡು ಸಾವಿರದ ಐದರ ಮಳೆಗಾಲದಲ್ಲಿ ಆ ಹಾಳೆ ನನ್ನ ಕೈಯಲ್ಲಿತ್ತು.

ಆಗ ನಾನು ಚೆನ್ನೈ ವಿಮಾನ ನಿಲ್ದಾಣದ ಹತ್ತಿರದ ಕ್ರೋಂಪೇಟೆಯಲ್ಲಿ ಚಿಕ್ಕಪ್ಪನ ಜೊತೆ ಇದ್ದೆ. ಚಿಕ್ಕಪ್ಪ ಅಂದರೆ ವಾಸುದೇವ ಭಟ್ಟರು. ಉಡುಪಿ ಕಡೆಯಿಂದ ಹದಿನಾರನೇ ವಯಸ್ಸಿಗೆ ಮದ್ರಾಸಿಗೆ ಬಂದು, ಹೋಟೆಲಿನ ಒಲೆಯ ಮುಂದೆಯೇ ತಲೆ ನೆರೆಸಿಕೊಂಡವರು. ಮದುವೆ ಆಗಲಿಲ್ಲ. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಎಂಟು ವರ್ಷದ ನನ್ನನ್ನು ಊರಿಂದ ಕರೆತಂದು ಸಾಕಿದರು, ಕಾಲೇಜಿಗೂ ಕಳಿಸಿದರು. ನಾನು ಆಹಾರ ವಿಜ್ಞಾನ ಓದಿದ್ದು ಅವರಿಗೆ ದೊಡ್ಡ ತಮಾಷೆ. "ಅನ್ನ ಬೇಯಿಸ್ಲಿಕ್ಕೆ ಮೂರು ವರ್ಷ ಕಾಲೇಜಾ ಮಾರಾಯ್ತಿ? ನನ್ನ ಹತ್ರ ಮೂರು ದಿವಸ ನಿಂತಿದ್ರೆ ಸಾಕಿತ್ತು" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ನಕ್ಕ ಮೇಲೆ ನನ್ನ ಸರ್ಟಿಫಿಕೇಟನ್ನು ಅವರೇ ಒಳಗಿನಿಂದ ತಂದು ತೋರಿಸುತ್ತಿದ್ದರು ಎಂಬುದೂ ನಿಜ.

ಅವರ ಯಜಮಾನರು ಉಪಾಧ್ಯರು. ಅವರ ಹೋಟೆಲು ಜಿಎಸ್‌ಟಿ ರಸ್ತೆ ಎನ್ನುವ ಹೆದ್ದಾರಿಗೆ ಮುಖಮಾಡಿತ್ತು, ಹಿಂದೆ ಉದ್ದನೆಯ ಒಂದು ಶೆಡ್ಡು. ಒಂದು ಖಾಸಗಿ ವಿಮಾನ ಕಂಪನಿಯ ಸಂಜೆಯ ವಿಮಾನಗಳಿಗೆ ಬೇಕಾದ ಸಸ್ಯಾಹಾರಿ ಊಟವೆಲ್ಲ ಆ ಶೆಡ್ಡಿನಲ್ಲೇ ತಯಾರಾಗುತ್ತಿತ್ತು. ಚಿಕ್ಕಪ್ಪ ಅಲ್ಲಿ ಮುಖ್ಯ ಅಡುಗೆಯವರು. ಓದು ಮುಗಿಸಿ ಬಂದ ನನ್ನನ್ನು ಉಪಾಧ್ಯರು ಸೂಪರ್‌ವೈಸರ್ ಮಾಡಿದರು. ನಾಲ್ಕು ಗಂಟೆಗೆ ವ್ಯಾನು ಹೊರಡಬೇಕು, ಆರೂವರೆಗೆ ವಿಮಾನ ಏಳಬೇಕು. ನಮ್ಮ ಇಡೀ ದಿನ ಆ ನಾಲ್ಕು ಗಂಟೆಯ ಸುತ್ತಲೇ ತಿರುಗುತ್ತಿತ್ತು.

ವಿಮಾನ ಅಂದರೆ ಮೇಲೆ ಹಾರುವುದು ಅಂತ ಲೋಕ ತಿಳಿದಿದೆ. ಕ್ರೋಂಪೇಟೆಯವರಾದ ನಮಗೆ ಅದು ನೆಲದ ಮೇಲಿನ ಸಂಗತಿ. ಹೊಸದಾಗಿ ಒಂದು ವಿಮಾನ ಬಿಟ್ಟರು ಅಂದರೆ ಪಕ್ಕದ ಪಲ್ಲಾವರದ ಯಾರದೋ ಮನೆಯ ಅಂಗಳದಲ್ಲಿ ಸೀಟಿನ ತಲೆಬಟ್ಟೆಗಳು ಒಗೆದು ಒಣಗುತ್ತಿದ್ದವು. ಇನ್ಯಾರದೋ ಜಗುಲಿಯಲ್ಲಿ ಹೆಂಗಸರು ಕೂತು ಚಮಚ, ಉಪ್ಪಿನ ಪೊಟ್ಟಣ, ಕಾಗದದ ಕರವಸ್ತ್ರ ಸೇರಿಸಿ ಸುತ್ತುತ್ತಿದ್ದರು. ಮಲ್ಲಿಗೆ ದಂಡೆಗಳು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸಿಂಗಾಪುರಕ್ಕೆ ಹೋಗುತ್ತಿದ್ದವು. ರೈಲಿನ ಮೇಲ್ದರ್ಜೆಯ ಟಿಕೆಟ್ಟಿನ ಬೆಲೆಗೆ ವಿಮಾನ ಅಂತ ಪತ್ರಿಕೆಗಳಲ್ಲಿ ಬಂದ ವರ್ಷಗಳು ಅವು. ದೇಶ ಹಾರುತ್ತಿದೆ ಎಂದು ಪೇಪರಿನವರು ಬರೆದರು. ಹಾರಲಿ ಬಿಡಿ, ನಮ್ಮ ಶೆಡ್ಡಿನಲ್ಲಿ ಒಂದು ವಿಮಾನ ಹೆಚ್ಚಾದರೆ ಪ್ಯಾಕಿಂಗ್ ಮೇಜಿಗೆ ಇನ್ನಿಬ್ಬರು ಹೆಂಗಸರು ಬೇಕಾಗುತ್ತಿತ್ತು. ನಮಗೆ ಅದೇ ಲೆಕ್ಕ.

ಆ ಹೆಂಗಸರಲ್ಲಿ ಹೆಚ್ಚಿನವರು ಹಿಂದೆ ತೊಗಲಿನ ಕಾರ್ಖಾನೆಗಳಲ್ಲಿ ದುಡಿದವರು. ಒಂದೊಂದಾಗಿ ಆ ಕಾರ್ಖಾನೆಗಳು ಬಾಗಿಲು ಹಾಕಿದ ಮೇಲೆ ಮನೆಮನೆ ಪಾತ್ರೆ ತೊಳೆಯುತ್ತಿದ್ದರು. ಅವರ ಮುಂದಾಳು ಸೆಲ್ವಿ. ನಲವತ್ತರ ಹತ್ತಿರದ ಗಟ್ಟಿ ಹೆಂಗಸು, ಬಾಯಿ ಅದಕ್ಕಿಂತ ಗಟ್ಟಿ. ಗಂಡ ಇದ್ದೂ ಇಲ್ಲದ ಹಾಗೆ. ಒಬ್ಬಳೇ ಮಗಳು ಕಲೈ ನರ್ಸಿಂಗ್ ಮೊದಲ ವರ್ಷದಲ್ಲಿದ್ದಳು. ಈ ಕೆಲಸ ಇದ್ದರೆ ಮಗಳ ಓದು, ಇಲ್ಲದಿದ್ದರೆ ಇಲ್ಲ; ಸೆಲ್ವಿ ಅದನ್ನು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದಳು. ನಮ್ಮ ಜೊತೆ ಇದ್ದೂ ಇದ್ದೂ ಅವಳಿಗೆ ಅಡುಗೆಮನೆಯ ಕನ್ನಡ ಬಂದಿತ್ತು, ನಮಗೆ ಅವಳ ತಮಿಳು ಹತ್ತಿತ್ತು. ಶೆಡ್ಡಿನ ಮೇಲೆ ವಿಮಾನ ಗುಡುಗಿಕೊಂಡು ಹೋದಾಗ ಕೈಯ ಸೌಟು ಎತ್ತಿ ತೋರಿಸುತ್ತಿದ್ದಳು.

"ಅಕ್ಕಾ, ಪಾರುಂಗೊ, ನಮ್ಮ ಕೂಟು ದಿಲ್ಲಿಗೆ ಹೋಗ್ತಿದೆ!"

ನಾನು ಅವಳಿಗಿಂತ ಎಷ್ಟೋ ಚಿಕ್ಕವಳು. ಆದರೂ ಅವಳಿಗೆ ನಾನು ಅಕ್ಕ. ನಾನು ಅವಳನ್ನು ಸೆಲ್ವಿ ಅಂತಲೇ ಕರೆಯುತ್ತಿದ್ದೆ. ಅದರಲ್ಲಿ ಏನಾದರೂ ತಪ್ಪಿದೆ ಅಂತ ಆಗ ಹೊಳೆಯಲೂ ಇಲ್ಲ.

ಈಗ ಆ ಹಾಳೆಯ ವಿಷಯ. ವಿಮಾನ ಕಂಪನಿಯ ನಿಯಮದ ಪ್ರಕಾರ ಪ್ರತಿ ಪಾತ್ರೆಯ ಅಡುಗೆಯನ್ನೂ ಪ್ಯಾಕಿಂಗಿಗೆ ಹೋಗುವ ಮುಂಚೆ ಇಬ್ಬರು ರುಚಿ ನೋಡಬೇಕು. ಅಡುಗೆಯವರು ಒಬ್ಬರು, ಸೂಪರ್‌ವೈಸರ್ ಒಬ್ಬರು. ನೋಡಿ 'ಸರಿ' ಅಂತ ಬರೆದು ಇಬ್ಬರೂ ಸಹಿ ಹಾಕಬೇಕು. ನಿಯಮ ಬರೆದವರಿಗೇನು ಗೊತ್ತು ನಮ್ಮ ಚಿಕ್ಕಪ್ಪನ ಸಂಗತಿ! ದೇವರಿಗೆ ತೋರಿಸುವ ಮುಂಚೆ ಅಡುಗೆಯನ್ನು ನಾಲಗೆಗೆ ತಾಗಿಸಿದವರೇ ಅಲ್ಲ ಅವರು. ಮೂಸಲೂ ಬಾರದು ಅನ್ನುವುದು ಕಟ್ಟಳೆ. ಅದಕ್ಕೆ ಅವರು ಒಲೆಯಿಂದ ಎರಡು ಮಾರು ದೂರ ನಿಂತು, ಮುಖ ಬೇರೆ ಕಡೆ ತಿರುಗಿಸಿ, "ಸಾರಿಗೆ ಉಪ್ಪು ಒಂದು ಚಿಟಿಕೆ ಕಮ್ಮಿ" ಅನ್ನುತ್ತಿದ್ದರು. ನಾನು ಆಮೇಲೆ ನೋಡಿದರೆ ಕಮ್ಮಿಯೇ ಇರುತ್ತಿತ್ತು.

"ಮೂಸಿ ನೋಡಿದ್ರಲ್ಲ ಚಿಕ್ಕಪ್ಪ?" ಎಂದು ಕೆಣಕಿದರೆ ಅವರ ಉತ್ತರ ಸಿದ್ಧ. "ನಾನು ಮೂಸುವುದಲ್ಲ. ಅದು ತಾನಾಗಿ ಬರ್ತದೆ. ಬಂದದ್ದನ್ನು ಬೇಡ ಅನ್ಲಿಕ್ಕೆ ಆಗ್ತದಾ?"

ಮಾಮೂಲಿ ದಿನಗಳಲ್ಲಿ ಚಿಂತೆ ಇರಲಿಲ್ಲ. ಪ್ರತಿ ಪಾತ್ರೆಯಿಂದ ಒಂದು ಚೂರು ತೆಗೆದು ಮೂಲೆಯ ಕೃಷ್ಣನ ಪಟದ ಮುಂದಿಟ್ಟು ನೈವೇದ್ಯ ಮಾಡುತ್ತಿದ್ದರು. ಆಮೇಲೆ ನಾನು ರುಚಿ ನೋಡಿ ನನ್ನ ಸಹಿ ಹಾಕುತ್ತಿದ್ದೆ, ಅವರ ಸಹಿಯೂ ಬೀಳುತ್ತಿತ್ತು. ತೊಂದರೆ ಏಕಾದಶಿಯದು. ತಿಂಗಳಿಗೆ ಎರಡು. ಆ ದಿನ ಅವರೂ ಉಪವಾಸ, ನಾನೂ ಉಪವಾಸ, ಒಂದು ಹನಿ ನೀರೂ ಇಲ್ಲ. ಅನ್ನದ ನೈವೇದ್ಯವೂ ಇಲ್ಲ. ಕಾಲೇಜು ಓದಿದ ನಾನು ಒಂದು ಚಮಚ ಬಾಯಿಗೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ. ಎಂಟನೇ ವಯಸ್ಸಿನಿಂದ ಅವರ ಜೊತೆ ಮಾಡಿದ ಉಪವಾಸ ಅದು. ಅವರ ಕಣ್ಣೆದುರಿಗೆ ಮುರಿಯಲು ಮನಸ್ಸು ಬರಲಿಲ್ಲ. ಅವರ ಮೂಗು ಇದೆಯಲ್ಲ ಅಂತ ಧೈರ್ಯ. ಎರಡು ಸಹಿ ಬೀಳುತ್ತಿದ್ದವು, 'ಸರಿ', 'ಸರಿ'.

ಪ್ಯಾಕಿಂಗ್ ಮೇಜಿನಲ್ಲಿ ಆರೇಳು ಜನ ಹೆಂಗಸರು ಇದ್ದರಲ್ಲ, ಅವರಿಗೇನು ಏಕಾದಶಿಯೇ, ದ್ವಾದಶಿಯೇ? ಒಬ್ಬರನ್ನು ಕರೆದು ಒಂದು ಸೌಟು ಕೊಟ್ಟು ನೋಡು ಅಂದಿದ್ದರೆ ಮುಗಿದಿತ್ತು. ಅಂದವರಿಲ್ಲ. ಆ ಹೆಂಗಸರು ಒಲೆಯ ಕಡೆಗಿನ ಹೊಸ್ತಿಲು ದಾಟುತ್ತಿರಲಿಲ್ಲ. ಯಾರೂ ದಾಟಬೇಡಿ ಅಂತ ಬೋರ್ಡು ಹಾಕಿರಲಿಲ್ಲ, ಆದರೂ ದಾಟುತ್ತಿರಲಿಲ್ಲ. ಪಾತ್ರೆಗಳನ್ನು ನಾವು ಹೊಸ್ತಿಲ ತನಕ ತಂದಿಡುತ್ತಿದ್ದೆವು, ಅಲ್ಲಿಂದಾಚೆ ಅವರದು.

ಆ ವರ್ಷ ದೀಪಾವಳಿಯ ಹೊತ್ತಿಗೆ ಚಿಕ್ಕಪ್ಪನಿಗೆ ಜ್ವರ ಬಂತು. ಒಂದು ವಾರ ಮಲಗಿದರು. ಎದ್ದ ಮೇಲೆ ಸ್ವಲ್ಪ ಮಂಕಾಗಿದ್ದರು. ಜ್ವರದ ನಿಶ್ಶಕ್ತಿ ಅಂದುಕೊಂಡೆ. ಊಟದಲ್ಲಿ ಉಪ್ಪಿನಕಾಯಿ ಹೆಚ್ಚು ಹಾಕಿಕೊಳ್ಳುತ್ತಿದ್ದರು, ಬಾಯಿ ಕೆಟ್ಟಿದೆ ಅನ್ನುತ್ತಿದ್ದರು. ಮಳೆ ಮಾತ್ರ ಆ ವರ್ಷ ಬಿಡುವುದೇ ಇಲ್ಲ ಎಂದು ಹಿಡಿಯಿತು. ಕ್ರೋಂಪೇಟೆಯ ಸಬ್‌ವೇಯಲ್ಲಿ ಬಸ್ಸು ಮುಳುಗುವಷ್ಟು ನೀರು. ಹಳೆಯ ತೊಗಲಿನ ಕಾರ್ಖಾನೆಗಳ ಹಾಳುಗೋಡೆಗಳ ನಡುವಿನಿಂದ ನೀಲಿ ಬಣ್ಣದ ನೀರು ಹರಿದು ಬಂದು ನಮ್ಮ ಶೆಡ್ಡಿನ ಮೆಟ್ಟಿಲು ಮುಟ್ಟಿತು. ಸೀರೆಯನ್ನು ಮೊಣಕಾಲ ತನಕ ಎತ್ತಿ ಕಟ್ಟಿಕೊಂಡು ಆ ನೀರಿನಲ್ಲೇ ಸೆಲ್ವಿಯ ದಂಡು ಕೆಲಸಕ್ಕೆ ಬರುತ್ತಿತ್ತು. ಒಂದು ದಿನವೂ ತಪ್ಪಿಸಲಿಲ್ಲ.

ಡಿಸೆಂಬರಿನಲ್ಲಿ ಒಂದು ಏಕಾದಶಿ. ಬೆಳಿಗ್ಗೆ ತೆಂಗಿನಕಾಯಿ ರುಬ್ಬಿ ದೊಡ್ಡ ಫ್ರಿಜ್ಜಿಗೆ ಇಟ್ಟು ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಜನರೇಟರು ದೀಪಕ್ಕೂ ಫ್ಯಾನಿಗೂ ಸಾಕಾಗುತ್ತಿತ್ತು, ಫ್ರಿಜ್ಜಿಗೆ ಇಲ್ಲ. ಮಳೆಯ ಥಂಡಿಯಲ್ಲಿ ಏನಾಗುತ್ತದೆ ಅಂತ ಎಲ್ಲರೂ ಸುಮ್ಮನಿದ್ದೆವು. ಹೊರಗೆ ಥಂಡಿ ಇರಬಹುದು, ಹತ್ತು ಒಲೆ ಉರಿಯುವ ಶೆಡ್ಡಿನೊಳಗೆ ಎಲ್ಲಿಯ ಥಂಡಿ! ಮಧ್ಯಾಹ್ನ ಆ ಕಾಯಿ ಬೂದುಗುಂಬಳದ ಕೂಟಿಗೆ ಬಿತ್ತು. ಚಿಕ್ಕಪ್ಪ ಎರಡು ಮಾರು ದೂರ ನಿಂತು, ಮುಖ ತಿರುಗಿಸಿ, "ಸರಿ ಉಂಟು" ಅಂದರು. ನಾನು ಸಹಿ ಹಾಕಿದೆ.

ಡಬ್ಬಿಗಳಿಗೆ ಕೂಟು ತುಂಬಿಸುತ್ತಿದ್ದ ಸೆಲ್ವಿ ಸೌಟು ನಿಲ್ಲಿಸಿದಳು.

"ಅಕ್ಕಾ, ಇದು ಒಂದು ಮಾದಿರಿ ವಾಸನೆ ಬರ್ತಿದೆ. ಊಸಿ ಹೋಗಿದೆಯೋ ಅಂತ."

ಊಸಿ ಹೋಗುವುದು ಅಂದರೆ ಹಳಸುವುದು. ನಾನು ಹೊಸ್ತಿಲಿನ ಹತ್ತಿರ ಹೋಗಿ ಮೂಸಿದೆ. ಇಂಗಿನ ವಾಸನೆ, ತಗಡಿನ ವಾಸನೆ, ಖಾಲಿ ಹೊಟ್ಟೆಯ ನನ್ನ ತಲೆನೋವು. ಏನೂ ತಿಳಿಯಲಿಲ್ಲ. ಚಿಕ್ಕಪ್ಪನನ್ನು ನೋಡಿದೆ. ಅವರ ಮುಖ ಕೆಂಪಾಯಿತು.

"ನಲವತ್ತು ವರ್ಷ ಆಯ್ತು ನಾನು ಒಲೆ ಮುಂದೆ ನಿಂತು. ತೊಗಲು ಹದ ಮಾಡಿದವರಿಗೆ ಎಂತ ವಾಸನೆ ಗೊತ್ತಾಗ್ತದೆ? ತುಂಬಿಸ್ಲಿಕ್ಕೆ ಹೇಳು" ಎಂದರು.

"ಸಾಮಿ, ತೋಲು ಕಂಪನಿಯಲ್ಲಿ ನಂದು ಅದೇ ಕೆಲಸ" ಎಂದಳು ಸೆಲ್ವಿ. ಅವಳ ಧ್ವನಿ ಏರಲಿಲ್ಲ. "ಬಂದ ತೊಗಲಿನಲ್ಲಿ ಯಾವುದು ಕೊಳೆಯೋಕೆ ಶುರು ಆಗಿದೆ ಅಂತ ಮೂಗಿನಲ್ಲೇ ಹೇಳ್ಬೇಕು. ಅದಕ್ಕೇ ನನ್ನ ಇಟ್ಟುಕೊಂಡಿದ್ರು."

ಗಂಟೆ ಮೂರೂಕಾಲು. ವ್ಯಾನಿನ ಡ್ರೈವರು ಹಾರನ್ ಹೊಡೆಯುತ್ತಿದ್ದ, ರಸ್ತೆಯಲ್ಲಿ ನೀರಿದೆ, ಬೇಗ ಬಿಡಿ ಅಂತ. ನಾನು "ತುಂಬಿಸಿ ಸೆಲ್ವಿ, ಚಿಕ್ಕಪ್ಪ ನೋಡಿದ್ದಾರಲ್ಲ" ಎಂದೆ. ಅವಳು ನನ್ನನ್ನೊಮ್ಮೆ ನೋಡಿ ಸೌಟು ಎತ್ತಿದಳು.

ಆ ಸಂಜೆಯ ವಿಮಾನದಲ್ಲಿ ಕೆಲವರು ಒಂದು ತುತ್ತು ತಿಂದು ಮುಚ್ಚಿಟ್ಟರಂತೆ. ಹಸಿದವರು ತಿಂದರು. ದೆಹಲಿ ಮುಟ್ಟುವ ಮುಂಚೆಯೇ ಹಲವರಿಗೆ ವಾಂತಿ ಹತ್ತಿಕೊಂಡಿತು. ಒಬ್ಬ ತಾಯಿಯನ್ನೂ ಅವಳ ಮಗುವನ್ನೂ ಆಸ್ಪತ್ರೆಗೆ ಸೇರಿಸಿದರು. ದೇವರು ದೊಡ್ಡವನು, ಇಬ್ಬರೂ ಮೂರನೇ ದಿನ ಎದ್ದು ಮನೆಗೆ ಹೋದರು.

ಮಾರನೆಯ ದಿನವೇ ವಿಮಾನ ಕಂಪನಿಯ ಅಧಿಕಾರಿ ಬಂದರು. ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು, ಈ ಕೂಟನ್ನು ರುಚಿ ನೋಡಿದವರು ಯಾರು? ಉಪಾಧ್ಯರು ನನ್ನ ಮುಖ ನೋಡಿದರು. ಚಿಕ್ಕಪ್ಪ ಒಲೆಯ ಹತ್ತಿರ ಗೋಡೆಗೆ ಒರಗಿ ನಿಂತಿದ್ದರು, ಇಂಗ್ಲಿಷ್ ಅವರಿಗೆ ಬಾರದು.

"ನಾವಿಬ್ಬರೂ ನೋಡಿದ್ದೇವೆ" ಎಂದೆ.

"ಆಗ ಚೆನ್ನಾಗಿತ್ತಾ?"

"ಚೆನ್ನಾಗಿತ್ತು. ಪ್ಯಾಕಿಂಗಿನಲ್ಲಿ ತಡವಾಗಿ ಕೆಟ್ಟಿರಬೇಕು. ಆ ಮೇಜು ಸೆಲ್ವಿಯದು." ಹೀಗೆ ಹೇಳಿ ಕೈಯನ್ನೂ ಆ ಕಡೆ ತೋರಿಸಿದೆ.

ಯಾರೂ ನನ್ನ ಕುತ್ತಿಗೆ ಹಿಡಿದು ಹೇಳಿಸಲಿಲ್ಲ. ಮೊದಲೇ ಯೋಚಿಸಿಕೊಂಡೂ ಬಂದಿರಲಿಲ್ಲ. ಬಾಯಿಂದ ಬಂತು ಅಷ್ಟೆ, ಎಷ್ಟು ಸಲೀಸಾಗಿ ಬಂತು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ. ಸೆಲ್ವಿ ಹೊಸ್ತಿಲ ಆಚೆ ತಟ್ಟೆ ಒರೆಸುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲವಲ್ಲ ಎಂದು ನನಗೊಂದು ಸಮಾಧಾನ ಬೇರೆ.

ಉಪಾಧ್ಯರು ಅವತ್ತೇ ಅವಳನ್ನು ಕೆಲಸದಿಂದ ಬಿಡಿಸಿದರು. ಗಟ್ಟಿ ಬಾಯಿಯ ಸೆಲ್ವಿ ಜಗಳ ಆಡುತ್ತಾಳೆ, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ ಅಂದುಕೊಂಡಿದ್ದೆ. ಅವಳು ತಲೆಯ ಟೋಪಿ ತೆಗೆದಳು, ಕೈಗವಸು ಕಳಚಿದಳು, ಎರಡನ್ನೂ ಮಡಚಿ ಮೇಜಿನ ಮೂಲೆಯಲ್ಲಿಟ್ಟಳು. "ವರೇನ್ ಅಕ್ಕಾ" ಎಂದಳು. ತಮಿಳಿನಲ್ಲಿ ಹೋಗುವಾಗಲೂ ಬರ್ತೀನಿ ಅಂತಲೇ ಹೇಳುವುದು. ಮಳೆಯಲ್ಲಿ ಹೊರಟುಹೋದಳು.

ಇದಾಗಿ ಒಂದು ವಾರ ಇರಬಹುದು. ಸಂಜೆ ಮನೆಯ ಬಾಗಿಲು ತೆಗೆಯುವಾಗಲೇ ಸೀದ ವಾಸನೆ ಮುಖಕ್ಕೆ ಹೊಡೆಯಿತು. ಒಲೆಯ ಮೇಲೆ ಹಾಲು ಉಕ್ಕಿ, ಬತ್ತಿ, ಪಾತ್ರೆ ಕಪ್ಪಗೆ ಕರಕಾಗಿ ಹೊಗೆಯಾಡುತ್ತಿತ್ತು. ಚಿಕ್ಕಪ್ಪ ಒಲೆಗೆ ಬೆನ್ನು ಮಾಡಿ, ನಾಲ್ಕು ಹೆಜ್ಜೆ ದೂರದಲ್ಲಿ ಕುಳಿತು ಪಂಚಾಂಗ ನೋಡುತ್ತಿದ್ದರು. ನಾನು ಓಡಿಹೋಗಿ ಒಲೆ ಆರಿಸಿದೆ. ಸದ್ದಿಗೆ ತಿರುಗಿದರು. ಪಾತ್ರೆ ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಕೆಳಗಿಟ್ಟರು.

"ಯಾವಾಗಿಂದ?" ಎಂದೆ.

"ಜ್ವರ ಬಂತಲ್ಲ, ಆವತ್ತಿಂದ."

"ಹೇಳ್ಬಾರದಿತ್ತಾ ಚಿಕ್ಕಪ್ಪ?"

"ಎಂತ ಹೇಳುದು?" ಎಂದರು. "ರುಚಿ ನೋಡದ ಅಡುಗೆಯವನಿಗೆ ಮೂಗು ಒಂದೇ ಅಲ್ವಾ ಇದ್ದದ್ದು. ಅದೂ ಹೋಯ್ತು ಅಂದ್ರೆ ನನ್ನ ಹತ್ರ ಮತ್ತೆಂತ ಉಂಟು? ಇವತ್ತು ಬರ್ತದೆ, ನಾಳೆ ಬರ್ತದೆ ಅಂತ ನೋಡಿದೆ." ಕನ್ನಡಕವನ್ನು ಮತ್ತೆ ಕೈಗೆತ್ತಿಕೊಂಡು, "ಆ ಹೆಂಗಸು ಹೇಳಿದ್ದು ಸರಿ ಇತ್ತು. ಸುಮತಿ, ನಾಳೆ ಹೋಗಿ ಉಪಾಧ್ಯರಿಗೆ ಹೇಳುವ. ಅವಳ ಮನೆಗೂ ಹೋಗುವ" ಎಂದರು.

ನಾನು ಬೇಡ ಎಂದೆ. ಹೌದು, ನಾನೇ. ಇವತ್ತು ನಿಜ ಹೇಳಿದರೆ ಸುಳ್ಳು ಸಹಿ ಅಂತ ಆಗುತ್ತದೆ, ಕಂಪನಿಯವರು ಊಟವನ್ನೇ ನಿಲ್ಲಿಸುತ್ತಾರೆ, ಉಳಿದ ಹೆಂಗಸರೂ ಬೀದಿಗೆ ಬೀಳುತ್ತಾರೆ, ಅವರ ಮನೆಗಳಲ್ಲೂ ಮಕ್ಕಳಿದ್ದಾರೆ, ಸ್ವಲ್ಪ ತಣ್ಣಗಾಗಲಿ, ಆಮೇಲೆ ನಾನೇ ಹೋಗಿ ಸೆಲ್ವಿಗೆ ಹೇಳುತ್ತೇನೆ ಎಂದೆ. ಎಷ್ಟು ಚೆನ್ನಾದ ಮಾತು! ಅಷ್ಟು ಜನರ ಹೊಟ್ಟೆಯನ್ನು ಮುಂದಿಟ್ಟುಕೊಂಡು ನನ್ನ ಒಂದು ಸಹಿಯನ್ನು ಮರೆಮಾಡಿದೆ. ಚಿಕ್ಕಪ್ಪ ಕರಕಾದ ಪಾತ್ರೆಯನ್ನು ಬಚ್ಚಲಿಗೆ ಒಯ್ದು ತುಂಬಾ ಹೊತ್ತು ತಿಕ್ಕಿದರು.

ಇಷ್ಟು ಮಾಡಿ ಉಳಿಸಿದ್ದೇನು? ಪೊಂಗಲ್ ಕಳೆದ ಮೇಲೆ ಕಂಪನಿಯವರು ಒಂದು ಪತ್ರ ಕಳಿಸಿದರು, ಅಷ್ಟೆ. ಆ ದಿನದ ವಿಷಯ ಅದರಲ್ಲಿ ಎಲ್ಲೋ ಒಂದು ಸಾಲು. ಅಗ್ಗದ ಟಿಕೆಟ್ಟಿನ ಪೈಪೋಟಿಯಲ್ಲಿ ಬಿಸಿ ಊಟವನ್ನೇ ನಿಲ್ಲಿಸುತ್ತಿದ್ದೇವೆ, ಇನ್ನು ಬಿಸ್ಕತ್ತು, ನೀರು ಮಾತ್ರ ಎಂದು ಉಳಿದ ಸಾಲುಗಳು. ಯಾವ ಅಗ್ಗದ ಟಿಕೆಟ್ಟಿನಿಂದ ವಿಮಾನಗಳು ಹೆಚ್ಚಾಗಿ ನಮ್ಮ ಶೆಡ್ಡು ತುಂಬಿತ್ತೋ, ಅದೇ ಅಗ್ಗದ ಟಿಕೆಟ್ಟು ಶೆಡ್ಡನ್ನು ಮುಚ್ಚಿಸಿತು. ಮೇಲೆ ವಿಮಾನಗಳು ಮೊದಲಿಗಿಂತ ಹೆಚ್ಚು ಹಾರಾಡುತ್ತಿದ್ದವು. ಕೆಳಗೆ ನಮ್ಮ ಹೆಂಗಸರು ಮತ್ತೆ ಪಾತ್ರೆ ತೊಳೆಯುವ ಮನೆಗಳನ್ನು ಹುಡುಕಿಕೊಂಡು ಹೊರಟರು. ಅದರಲ್ಲಿ ಒಬ್ಬಳು, "ಸೆಲ್ವಿಯ ಮಗಳು ಓದು ಬಿಟ್ಟಳು, ಮದುವೆ ಗೊತ್ತಾಗಿದೆ" ಎಂದು ಹೇಳಿ ಹೋದಳು.

ನಾನು ಮುಂಬೈಯ ಒಂದು ಬಿಸ್ಕತ್ತು ಕಾರ್ಖಾನೆಗೆ ಸೇರಿದೆ. ಅಲ್ಲಿ ನನ್ನ ಕೆಲಸ ಏನು ಗೊತ್ತೇ? ರುಚಿ ನೋಡುವುದು. ಚಿಕ್ಕಪ್ಪನನ್ನು ಜೊತೆಗೆ ಕರೆದುಕೊಂಡು ಹೋದೆ. ಅವರು ಮತ್ತೆ ಸೌಟು ಹಿಡಿಯಲಿಲ್ಲ. ಎರಡು ವರ್ಷ ಇದ್ದರು. ಅಷ್ಟರಲ್ಲಿ ಎಷ್ಟೋ ಸಲ, ನಾನು ತಲೆ ಬಾಚುವಾಗಲೋ ಚಪಾತಿ ಲಟ್ಟಿಸುವಾಗಲೋ, ಹಿಂದಿನಿಂದ ಕೇಳುತ್ತಿದ್ದರು.

"ಆ ಹೆಂಗಸಿನ ಹತ್ರ ಹೇಳಿದ್ಯಾ ಸುಮತಿ?"

"ಹೇಳಿದೆ ಚಿಕ್ಕಪ್ಪ. ಫೋನ್ ಮಾಡಿ ಹೇಳಿದೆ."

"ಎಂತ ಅಂದ್ಲು?"

"ಪರವಾಗಿಲ್ಲ ಅಂದ್ಲು."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹೂಂ" ಅನ್ನುತ್ತಿದ್ದರು. ಮತ್ತೆ ಒಂದು ತಿಂಗಳಿಗೆ ಅದೇ ಪ್ರಶ್ನೆ. ವಯಸ್ಸಾಯಿತು, ಕೇಳಿದ್ದನ್ನೇ ಕೇಳುತ್ತಾರೆ ಅಂದುಕೊಂಡೆ. ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲೂ ಕೇಳಿದರು. ಆಗಲೂ ಹೇಳಿದೆ ಎಂದೆ.

ವಿಮಾನ ಇಳಿಯಿತು. ಬಂದ ಕೆಲಸ ಅಡ್ಯಾರಿನಲ್ಲಿತ್ತು, ಕಾರು ಬಂದಿತ್ತು. ಡ್ರೈವರಿಗೆ ಸ್ವಲ್ಪ ಕಾಯಿರಿ ಎಂದು ಹೇಳಿ, ಎದುರಿನ ಸುರಂಗದಾರಿ ಹಿಡಿದು ತಿರುಸೂಲಂ ಸ್ಟೇಷನ್ನಿನ ಕಡೆ ನಡೆದೆ. ಸೆಲ್ವಿ ಅಲ್ಲಿ ಇಡ್ಲಿ ಗಾಡಿ ಇಟ್ಟುಕೊಂಡಿದ್ದಾಳೆ ಎಂದು ಉಪಾಧ್ಯರು ಯಾವಾಗಲೋ ಫೋನಿನಲ್ಲಿ ಹೇಳಿದ್ದರು. ಎಷ್ಟೋ ಸಲ ಈ ಊರಿಗೆ ಬಂದಿದ್ದೇನೆ, ಒಂದು ಸಲವೂ ಆ ಕಡೆ ಕಾಲು ಹೋಗಿರಲಿಲ್ಲ.

ಗಾಡಿಯ ಸುತ್ತ ಸಾಮಾನು ಹೊರುವವರು, ವಿಮಾನ ಗುಡಿಸುವ ಹೆಂಗಸರು ನಿಂತು ತಿನ್ನುತ್ತಿದ್ದರು. ಸೆಲ್ವಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದಳು.

"ವಾಂಗೊ ಅಕ್ಕಾ. ಕೂತ್ಕೊಳ್ಳಿ" ಎಂದು ಸ್ಟೂಲು ಒರೆಸಿ ಕೊಟ್ಟಳು. "ಸಾಮಿ ಹೋದ್ರಂತೆ. ಕೇಳಿ ತುಂಬಾ ಬೇಜಾರಾಯ್ತು."

ಕಲೈ ಹೇಗಿದ್ದಾಳೆ ಎಂದು ಕೇಳಿದೆ. ತಾಂಬರಂನಲ್ಲಿದ್ದಾಳೆ, ಎರಡು ಮಕ್ಕಳು, ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾಳೆ ಎಂದಳು. "ಸೂಜಿ ಹಾಕೋದು ಮಾತ್ರ ಕಲಿತಿದ್ದಾಳೆ. ಬೀದಿಯವರೆಲ್ಲ ಅವಳ ಹತ್ರಾನೇ ಬರ್ತಾರೆ" ಎಂದು ನಕ್ಕಳು. ಆ ನಗು ನನಗೆ ತಡೆಯಲಾಗಲಿಲ್ಲ.

"ಸೆಲ್ವಿಯಕ್ಕಾ" ಎಂದೆ. ಹಾಗೆ ಕರೆದದ್ದು ಅದೇ ಮೊದಲು. "ಆ ದಿನ ಕೂಟು ರುಚಿ ನೋಡಿದವರು ಯಾರೂ ಇರಲಿಲ್ಲ. ನೋಡಿದೆ ಅಂತ ಸುಳ್ಳು ಹೇಳಿದೆ. ನಿಮ್ಮ ಮೇಲೆ ಹಾಕಿದೆ."

ಅವಳು ಇಡ್ಲಿ ತಟ್ಟೆಯ ಮೇಲಿನ ಒದ್ದೆ ಬಟ್ಟೆ ತೆಗೆಯುತ್ತಿದ್ದಳು. ಕೈ ನಿಲ್ಲಲಿಲ್ಲ.

"ಗೊತ್ತು ಅಕ್ಕಾ. ನನ್ನ ಹೆಸರು ಕೇಳಿಸ್ತು. ನಿಮ್ಮ ಕೈ ನನ್ನ ಮೇಜು ತೋರಿಸ್ತು. ಅದಕ್ಕೆ ಇಂಗ್ಲಿಷ್ ಬೇಕಾ?" ಎಂದಳು. ಆಮೇಲೆ ಮೆಲ್ಲಗೆ, "ಸಾಮಿ ಬಂದು ಹೇಳಿದ್ರು" ಎಂದಳು.

"ಯಾರು?"

"ಸಾಮಿ. ಪೊಂಗಲ್ ಆದ ವಾರ, ಒಬ್ರೇ, ನಡೆದುಕೊಂಡು. ನನ್ನ ಮನೆಯ ನೆಲದ ಮೇಲೆ ಕೂತು ಎಲ್ಲಾ ಹೇಳಿದ್ರು. ಮೂಗು ಹೋಗಿದ್ದು, ನೀವು ಸಹಿ ಹಾಕಿದ್ದು. ಹೇಳಿ, ಒಂದು ಹಿಡಿ ಅನ್ನ ಕೊಡಮ್ಮ ಅಂದ್ರು. ನಾನು ಬೇಡ ಸಾಮಿ, ನಮ್ಮ ಮನೇಲಿ ನೀವು ಅಂತ ಅಂದೆ. ಕೇಳಲಿಲ್ಲ. ಪುಳಿಕೊಳಂಬು, ಅದೇ ಹುಳಿಸಾರು, ಹಾಕಿ ಕೊಟ್ಟೆ. ತಿಂದ್ರು. ಹೇಗಿದೆ ಸಾಮಿ ಅಂದೆ. ಗೊತ್ತಾಗೋದಿಲ್ಲಮ್ಮ ಅಂತ ಚಿಕ್ಕ ಮಗು ತರ ಅತ್ರು ಅಕ್ಕಾ."

ಮೇಲೆ ಒಂದು ವಿಮಾನ ಗುಡುಗಿಕೊಂಡು ಹೋಯಿತು. ಅದು ಹೋಗುವ ತನಕ ಅವಳು ಕಾದಳು.

"ಹೋಗುವಾಗ ಒಂದೇ ಮಾತು ಹೇಳಿದ್ರು. ಸುಮತಿ ಬರ್ತಾಳೆ, ಬಂದಾಗ ನಾನು ಬಂದಿದ್ದೆ ಅಂತ ಮೊದಲೇ ಹೇಳ್ಬೇಡ, ಅವಳ ಬಾಯಿಂದಾನೇ ಬರ್ಲಿ ಅಂತ. ನಾನೂ ಕಾಯ್ತಾ ಇದ್ದೆ."

ಎರಡು ವರ್ಷ ಅವರು ಕೇಳಿದ ಅಷ್ಟೂ ಸಲ, ಹೇಳಿದೆ ಚಿಕ್ಕಪ್ಪ, ಹೇಳಿದೆ ಚಿಕ್ಕಪ್ಪ ಎಂದಿದ್ದೆನಲ್ಲ. ನಿಜವಾಗಿ ಹೇಳಿದ್ದರೆ ಅವರು ಹೋಗಿ ಬಂದದ್ದು ಸೆಲ್ವಿಯ ಬಾಯಿಂದ ನನಗೆ ತಿಳಿದಿರುತ್ತಿತ್ತು; ಅದರ ಸುದ್ದಿಯನ್ನೇ ಎತ್ತದ ನನ್ನ ಮಾತು ಸುಳ್ಳೆಂದು ಅಷ್ಟೂ ಸಲ ಅವರಿಗೆ ಗೊತ್ತಿತ್ತು. ಆಸ್ಪತ್ರೆಯ ಹಾಸಿಗೆಯಲ್ಲೂ ಗೊತ್ತಿತ್ತು. ಗೊತ್ತಿದ್ದೂ "ಹೂಂ" ಎಂದಿದ್ದರು, ನನಗೆ ಇನ್ನೊಂದು ತಿಂಗಳು ಕೊಟ್ಟಿದ್ದರು. ಬೀದಿ ಬದಿಯ ಸ್ಟೂಲಿನ ಮೇಲೆ, ಸಾಮಾನು ಹೊರುವವರ ನಡುವೆ ಕೂತು ನಾನು ಜೋರಾಗಿ ಅತ್ತೆ.

ಸೆಲ್ವಿ ತಡೆಯಲಿಲ್ಲ. ಅಳು ಇಳಿದ ಮೇಲೆ ತಟ್ಟೆಗೆ ಎರಡು ಇಡ್ಲಿ ಹಾಕಿದಳು. ಚಟ್ನಿಯ ಪಾತ್ರೆಯಿಂದ ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡು ನಾಲಗೆಗೆ ತಾಗಿಸಿ ನೋಡಿ, ಆಮೇಲೆ ನನಗೆ ಬಡಿಸಿದಳು. ನಾನು ತಿಂದೆ. ಚಟ್ನಿಯಲ್ಲಿ ಉಪ್ಪು ಒಂದು ಚಿಟಿಕೆ ಕಮ್ಮಿ ಇತ್ತು.

"ಹೇಗಿದೆ ಅಕ್ಕಾ?"

ಸರಿ ಎಂದು ನಾಲಗೆ ತುದಿಗೆ ಬಂತು. ನುಂಗಿಕೊಂಡೆ.

"ಉಪ್ಪು ಸ್ವಲ್ಪ ಕಮ್ಮಿ" ಎಂದೆ.

ಅವಳು ಉಪ್ಪಿನ ಡಬ್ಬಿಗೆ ಕೈ ಹಾಕಿದಳು.